ಡಬ್ಬಿಗೆ ಕೇಳಿಸಿದರೆ ಕೇಳಿಸಲಿ

ಯಾವ ವಿಷಯ ಗುಟ್ಟು ಅನ್ನುವುದನ್ನು ನಮ್ಮ ಜನ ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಂಡು ತೀರ್ಮಾನಿಸುತ್ತಾರೆ. ಶಿವಮೊಗ್ಗದ ರೈಲಿನಲ್ಲಿ ಎದುರು ಸೀಟಿಗೆ ಬಂದು ಕೂತವರು ಅರಸೀಕೆರೆ ದಾಟಿ ಕಡೂರು ಬರುವಷ್ಟರಲ್ಲಿ ಮಗನ ಸಂಬಳ, ಸೊಸೆಯ ತವರಿನವರ ಜಿಪುಣತನ, ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯ, ತಮ್ಮ ಸಕ್ಕರೆ ಕಾಯಿಲೆಯ ಊಟಕ್ಕೆ ಮುಂಚಿನ ಮತ್ತು ಊಟದ ನಂತರದ ಅಂಕಿ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ಅದೇ ಹೆಂಗಸನ್ನು ಮನೆಯಲ್ಲಿ ಓರಗಿತ್ತಿ "ಶುಗರ್ ಎಷ್ಟಿದೆಯಂತೆ?" ಅಂತ ಕೇಳಲಿ, "ನಾರ್ಮಲ್ಲು" ಅಂದು ಮಾತು ತಿರುಗಿಸುತ್ತಾರೆ. ರೈಲಿನವರಿಗೆ ಹೇಳಿದ್ದು ರೈಲಿನ ಜತೆ ಮುಂದಕ್ಕೆ ಹೋಯಿತು. ಓರಗಿತ್ತಿಗೆ ಹೇಳಿದ್ದು ಮುಂದಿನ ಗೃಹಪ್ರವೇಶದ ಪಂಕ್ತಿಯಲ್ಲಿ ಎಲೆಗೆ ಬರುತ್ತದೆ.

ಮಾತು ಕೇಳಿಸಿಕೊಳ್ಳುವ ಸ್ಪೀಕರ್ ಡಬ್ಬಿಗಳು ನಮ್ಮ ಮನೆಗಳಿಗೆ ಅಷ್ಟು ಸಲೀಸಾಗಿ ಬಂದು ಫ್ರಿಜ್ಜಿನ ಮೇಲೆ, ಟೀವಿಯ ಪಕ್ಕ ಕೂತಿದ್ದು ಇದರಿಂದಲೇ ಇರಬೇಕೆಂದು ನನ್ನ ಗುಮಾನಿ. ಡಬ್ಬಿಗೆ ನಮ್ಮ ಪರಿಚಯವಿಲ್ಲ. ನಮ್ಮ ಗೋತ್ರ ಗೊತ್ತಿಲ್ಲ, ನಮ್ಮ ಬೀಗರ ಮನೆಗೆ ಅದು ಹೋಗಿಬಂದು ಮಾಡುವುದಿಲ್ಲ. ಅದರ ಹಿಂದಿರುವ ಕಂಪನಿ ಸಿಯಾಟಲ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದೆ. ಅಲ್ಲಿಯವರು ನಮ್ಮ ಮನೆಯ ಮಾತು ಕೇಳಿ ಯಾರಿಗೆ ಹೇಳಿಯಾರು? "ನಾವೇನು ಕಳ್ಳಸಾಗಣೆ ಮಾಡ್ತಿದ್ದೀವಾ? ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ" ಎನ್ನುತ್ತಾರೆ ನಮ್ಮ ಯಜಮಾನರು. ನಮ್ಮಲ್ಲೇನು ಗುಟ್ಟಿದೆ ಅನ್ನುವ ಇಂಥವರನ್ನು ಒಮ್ಮೆ, ನಿಮ್ಮ ಹಳೇ ಸೈಟು ಎಷ್ಟಕ್ಕೆ ಹೋಯಿತು ಅಂತ ಕೇಳಿ ನೋಡಬೇಕು. "ರಿಜಿಸ್ಟ್ರಿಯಲ್ಲಿ ತೋರಿಸಿದ್ದಾ, ನಿಜದ್ದಾ?" ಎಂಬ ಮರುಪ್ರಶ್ನೆ ಬಾಯಿಗೆ ಬರುವುದರೊಳಗೆ ಅವರು ಡಬ್ಬಿಯ ಕಡೆ ಅಲ್ಲ, ಬಾಗಿಲ ಕಡೆ ನೋಡುತ್ತಾರೆ, ತಮ್ಮನ ಮನೆಯವರು ಯಾರಾದರೂ ಬಂದರೇನೋ ಅಂತ.

ನಮ್ಮ ಅತ್ತೆಯದು ಬೇರೆ ದಾರಿ. ಹಾಸನದ ಕಡೆಯ ದೊಡ್ಡ ಕುಟುಂಬದಲ್ಲಿ ಬೆಳೆದವರು, ಯಾವ ಗೋಡೆಯನ್ನೂ ಪೂರ್ತಿ ನಂಬಿದವರಲ್ಲ. ಒಡವೆ ಹಂಚುವ ಮಾತು ಬಂದಾಗ ಅಡುಗೆಮನೆಯಿಂದ ಸ್ಟೀಲಿನ ಬೋಸಿ ತಂದು ಡಬ್ಬಿಯ ಮೇಲೆ ಬೋರಲು ಹಾಕುತ್ತಾರೆ. ಅದರ ಮೈಕ್ ಆಫ್ ಮಾಡಲು ತಲೆಯ ಮೇಲೇ ಒಂದು ಗುಂಡಿ ಇದೆ, ಒತ್ತಿದರೆ ಕೆಂಪು ದೀಪ ಬರುತ್ತದೆ ಎಂದು ಮಗ ತೋರಿಸಿಕೊಟ್ಟ. ಅತ್ತೆ ಕೆಂಪು ದೀಪ ನೋಡಿದ್ದೇ ತಡ ಬಾಯಿಗೆ ಸೆರಗು ಮುಚ್ಚಿಕೊಂಡರು. ಹರೆಯದಲ್ಲಿ ಆಕಾಶವಾಣಿಯ ಮಹಿಳಾ ಕಾರ್ಯಕ್ರಮಕ್ಕೆ ಹಸೆಹಾಡು ಹಾಡಲು ಹೋಗಿದ್ದವರು ಅವರು. ಸ್ಟುಡಿಯೋದ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು ಅಂದರೆ ಉಸಿರು ಬಿಟ್ಟರೂ ಊರಿಗೆಲ್ಲ ಕೇಳುತ್ತದೆ ಎಂದು ಅಲ್ಲಿ ಹೇಳಿಕೊಟ್ಟಿದ್ದು ಇವತ್ತಿಗೂ ಮರೆತಿಲ್ಲ. ಈಗಿನವರು ಅದೇ ದೀಪವನ್ನು ತಿರುಗಿಸಿ, ಕೆಂಪು ಅಂದರೆ ಕೇಳಿಸುವುದಿಲ್ಲ ಅನ್ನುತ್ತಾರೆ. ಅತ್ತೆ ಒಪ್ಪಲಿಲ್ಲ. ಬೋಸಿಯೇ ಗಟ್ಟಿಯಾಯಿತು.

ರೇಡಿಯೊ ವಿಷಯ ಬಂತಲ್ಲ, ಒಂದು ಮಾತು. ಮನುಷ್ಯರಿಲ್ಲದ ದನಿಯೊಂದು ಮನೆಯೊಳಗೆ ಬಂದು ಮಾತಾಡುವುದನ್ನು ಕನ್ನಡದವರು ಬಹಳ ಬೇಗ ಕಂಡವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಆಮೇಲೆ ಇಡೀ ದೇಶದ ರೇಡಿಯೊಗೆ ಆಯಿತು. ಆ ಡಬ್ಬಿ ಬರೀ ಮಾತಾಡುತ್ತಿತ್ತು, ಕಿವಿ ಇರಲಿಲ್ಲ. ಆದರೂ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ವರ್ಷಾವರ್ಷ ಲೈಸೆನ್ಸ್ ಫೀಸು ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ಈಗ ಕಿವಿಯೂ ಇರುವ ಡಬ್ಬಿಯನ್ನು ದೀಪಾವಳಿ ಆಫರಿನಲ್ಲಿ ಬಲ್ಬಿನ ಜತೆ ಕೊಡುತ್ತಾರೆ.

ಅದರ ಕಿವಿ ಸದಾ ತೆರೆದೇ ಇರುತ್ತದೆ. ಇಲ್ಲದಿದ್ದರೆ ತನ್ನ ಹೆಸರು ಕರೆದದ್ದು ಅದಕ್ಕೆ ತಿಳಿಯುವುದು ಹೇಗೆ? ಹೆಸರು ಬೀಳುವ ತನಕ ಕೇಳಿದ್ದನ್ನು ಅಲ್ಲಲ್ಲೇ ಅಳಿಸಿಕೊಂಡು ಕೂತಿರುತ್ತದೆ. ಹೆಸರು ಬಿದ್ದ ಕೂಡಲೇ ದೀಪ ಹತ್ತಿಸಿ, ಅಲ್ಲಿಂದ ಮುಂದಿನ ಮಾತನ್ನು ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ತೊಂದರೆ ಇರುವುದು, ಕರೆಯದೆಯೂ ಕರೆದ ಹಾಗೆ ಕೇಳಿಸುವುದರಲ್ಲಿ. ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದವರು 2020ರಲ್ಲಿ ಇಂಥ ಯಂತ್ರಗಳ ಮುಂದೆ ಟೀವಿ ಧಾರಾವಾಹಿ, ವಾರ್ತೆಗಳನ್ನು ಓಡಿಸಿ ಪರೀಕ್ಷೆ ಮಾಡಿದರು. 'ಎಲೆಕ್ಷನ್', 'ಎ ಲೆಟರ್' ಎಂಬ ಮಾತುಗಳಿಗೂ ಅಮೆಜಾನಿನ ಅಲೆಕ್ಸಾ ಓಗೊಟ್ಟಿತಂತೆ. ಅವರಿಗೆ ಕನ್ನಡ ಬಂದಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದಿತ್ತು. ಬೆಳಿಗ್ಗೆ ಗುಡಿಸುವ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಕೇಳುವ "ಅಲ್ಲೇ ಕಸ ಇದೆ ನೋಡು" ಎಂಬುದನ್ನು ಸ್ವಲ್ಪ ಬೇಗ ಹೇಳಿ ನೋಡಿ.

ನಮ್ಮ ಮನೆಯ ಡಬ್ಬಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷು, ಹಿಂದಿ ಅಷ್ಟೇ. ಇದು ಅತ್ತೆಗೆ ಬೋಸಿಗಿಂತ ದೊಡ್ಡ ಧೈರ್ಯ. "ಅದಕ್ಕೆ ಕನ್ನಡ ಬರಲ್ಲ ತಾನೆ, ಹಾಗಾದ್ರೆ ಹೇಳು" ಎಂದು ಪಕ್ಕದ ಮನೆಯವರ ವಿಷಯಕ್ಕೆ ಕೈಹಾಕುತ್ತಾರೆ. ಪರಭಾಷೆಯವರ ಎದುರು ಕನ್ನಡ, ಮಕ್ಕಳ ಎದುರು ಇಂಗ್ಲಿಷು, ದೊಡ್ಡವರ ಎದುರು ಮಕ್ಕಳ ಕ-ಭಾಷೆ, ಹೀಗೆ ಒಂದೇ ಕೋಣೆಯಲ್ಲಿದ್ದುಕೊಂಡು ಇನ್ನೊಬ್ಬರನ್ನು ಹೊರಗಿಡುವ ಕಲೆ ನಮಗೆ ಹುಟ್ಟಿನಿಂದಲೇ ಬಂದದ್ದು. ನಾನೂ ನನ್ನ ತಂಗಿಯೂ ಪ್ರತಿ ಅಕ್ಷರಕ್ಕೆ ಮುಂಚೆ 'ಕ' ಹಚ್ಚಿ ಅಪ್ಪನ ಮುಂದೆಯೇ ಸಿನಿಮಾಕ್ಕೆ ಹೋಗುವ ಸಂಚು ಮಾಡುತ್ತಿದ್ದೆವು. ಡಬ್ಬಿಯ ಮುಂದೆ ಆ ವಿದ್ಯೆ ನಡೆಯದು. ಅದಕ್ಕೆ ಅರ್ಥವಾಗದಿದ್ದರೂ ದನಿ ದನಿಯಾಗಿಯೇ ದಾಖಲಾಗುತ್ತದೆ. ಇವತ್ತು ಅರ್ಥವಾಗದ ದನಿಯನ್ನು ನಾಳೆ ಅರ್ಥ ಮಾಡಿಕೊಳ್ಳುವವರು ಬರುತ್ತಾರೆ. ಫೋನಿನಲ್ಲಿರುವ ಗೂಗಲ್ ಅಸಿಸ್ಟೆಂಟ್ ಆಗಲೇ ಕನ್ನಡ ಕಲಿತು ಕೂತಿದೆ.

ಕೇಳುವುದು ಯಂತ್ರ ಮಾತ್ರ ಎಂಬ ನೆಮ್ಮದಿಯೂ 2019ರಲ್ಲಿ ಹೋಯಿತು. ಅಲೆಕ್ಸಾಗೆ ಹೇಳಿದ ಮಾತುಗಳ ತುಣುಕುಗಳನ್ನು ಮನುಷ್ಯರೇ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬರೆದು, ಯಂತ್ರ ಎಲ್ಲಿ ತಪ್ಪಿದೆ ಎಂದು ತಿದ್ದುತ್ತಾರೆ ಎಂಬುದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಜುಲೈನಲ್ಲಿ ಬೆಲ್ಜಿಯಮ್ಮಿನ ವಿಆರ್‌ಟಿ ವಾಹಿನಿ ಗೂಗಲ್ಲಿನದನ್ನು, ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಆ್ಯಪಲ್‌ನ ಸಿರಿಯದನ್ನು ಹೊರಗೆ ತಂದವು. ಆ್ಯಪಲ್ ಕ್ಷಮೆ ಕೇಳಿತು. ಕಂಪನಿಗಳ ಸಮಜಾಯಿಷಿ ಏನಿತ್ತೆಂದರೆ, ಕೇಳುವುದು ಎಲ್ಲೋ ಕೆಲವು ತುಣುಕು ಮಾತ್ರ, ಕೇಳುವವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ. ಇರಬಹುದು. ಆದರೆ ಬ್ಲೂಮ್‌ಬರ್ಗ್ ವರದಿಯಲ್ಲಿ ಹಾಗೆ ಕೇಳುವವರು ಯಾವ ಊರುಗಳಲ್ಲಿ ಕೂತಿದ್ದಾರೆ ಎಂಬುದೂ ಇತ್ತು: ಬಾಸ್ಟನ್, ಕೋಸ್ಟರಿಕಾ, ರೊಮೇನಿಯಾ, ಜತೆಗೆ ಭಾರತ. ಬೆಂಗಳೂರಿನವಳಾದ ನನ್ನ ಎದೆ ಧಸಕ್ಕೆಂದದ್ದು ಆ ಕೊನೆಯ ಹೆಸರಿಗೆ. ಐಟಿಯಲ್ಲಿ ಏನೋ ಕೆಲಸ ಅಂತ ಹೇಳುವ, ಏನು ಕೆಲಸ ಅಂತ ಬಿಡಿಸಿ ಹೇಳದ ಒಬ್ಬ ಹುಡುಗನಾದರೂ ಇಲ್ಲದ ಬಂಧುಬಳಗ ಈ ಊರಲ್ಲಿ ಯಾವುದಿದೆ? ನಮ್ಮ ಯಜಮಾನರ ಷಡ್ಡಕನ ಮಗ ರಾತ್ರಿ ಪಾಳಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾನೆ, ಯಾವುದೋ ತುಣುಕಿನಲ್ಲಿ ಬೋಸಿಯ ಕೆಳಗಿನಿಂದ ನಮ್ಮತ್ತೆಯ ದನಿ ಬರುತ್ತದೆ, "ಆ ಅವಲಕ್ಕಿ ಸರ ಮಾತ್ರ ಷಡ್ಡಕನ ಮನೆಯವರ ಕಣ್ಣಿಗೆ ಬೀಳಬಾರದು." ಹೆಸರು ಬೇರೆ ಬೇಕೇ!

ನಗಬೇಡಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2018ರಲ್ಲಿ ಇದಕ್ಕೆ ಬಲು ಹತ್ತಿರದ್ದು ನಡೆದೇ ಹೋಯಿತು. ಗಂಡಹೆಂಡಿರು ಮನೆಯಲ್ಲಿ ಮರದ ನೆಲಹಾಸಿನ ವಿಷಯ ಮಾತಾಡಿಕೊಂಡಿದ್ದಾರೆ. ಸ್ವಲ್ಪ ಹೊತ್ತಿಗೆ ಗಂಡನ ಕೈಕೆಳಗೆ ಕೆಲಸ ಮಾಡುವವನೊಬ್ಬ ಸಿಯಾಟಲ್‌ನಿಂದ ಫೋನ್ ಮಾಡಿ, ಮೊದಲು ನಿಮ್ಮ ಅಲೆಕ್ಸಾಗಳ ಪ್ಲಗ್ ಕೀಳಿ ಎನ್ನುತ್ತಾನೆ. ಅವರ ಮಾತೆಲ್ಲ ರೆಕಾರ್ಡಾಗಿ ಅವನ ಫೋನಿಗೆ ಹೋಗಿದೆ! ಅಮೆಜಾನ್ ಕೊಟ್ಟ ವಿವರಣೆ ಒಂದು ಪ್ರಹಸನದ ಹಾಗಿದೆ: ಮಾತಿನ ನಡುವೆ ತನ್ನ ಹೆಸರು ಕೇಳಿದಂತಾಗಿ ಎದ್ದಿತು, ಮೆಸೇಜ್ ಕಳಿಸು ಎಂದಂತೆ ಕೇಳಿಸಿತು, ಯಾರಿಗೆ ಎಂದು ಕೇಳಿತು, ಅವರಾಡಿದ ಇನ್ನೇನೋ ಮಾತು ಆ ಮನುಷ್ಯನ ಹೆಸರಿನಂತೆ ಕೇಳಿಸಿತು, ಸರಿಯೇ ಎಂದು ಮತ್ತೆ ಕೇಳಿತು, ಸರಿ ಅಂದಂತೆ ಕೇಳಿಸಿತು. ನನಗೆ ಇದರಲ್ಲಿ ಕಂಡದ್ದು ಇಷ್ಟು. ಅದೇ ಮಾತು ಸಾವಿರ ಮೈಲಿ ದೂರದ ಯಾವುದೋ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಆ ಹೆಂಗಸು ಟೀವಿಯವರ ತನಕ ಹೋಗುತ್ತಿರಲಿಲ್ಲ. ಗುರುತಿನವನಿಗೆ ತಲುಪಿತಲ್ಲ, ಅದು ಚುರುಕ್ಕೆಂದಿತು. ಗುಟ್ಟಿನ ವಿಷಯದಲ್ಲಿ ಪೋರ್ಟ್‌ಲ್ಯಾಂಡೂ ಅರಸೀಕೆರೆಯೂ ಅಷ್ಟೇನೂ ದೂರವಿಲ್ಲ.

ನಮ್ಮ ಮನೆಯಲ್ಲಿ ಅಡುಗೆಗೆ ಬರುವ ಅಕ್ಕನಿಗೆ ಮಾತ್ರ ಈ ಡಬ್ಬಿಯ ವಿಷಯ ಯಾರೂ ಹೇಳಿರಲಿಲ್ಲ. ಹೇಳಬೇಕು ಅನ್ನಿಸಿಯೂ ಇರಲಿಲ್ಲ. ಒಂದು ದಿನ ಹಿಟ್ಟು ನಾದುತ್ತಾ ತಾವಾಗಿಯೇ, "ಅಮ್ಮಾ, ಅವಳು ಎದ್ದಿದ್ದಾಳಾ, ಮಲಗಿದ್ದಾಳಾ?" ಎಂದರು. ಯಾರು ಎಂದೆ. ಗಲ್ಲದಲ್ಲೇ ಫ್ರಿಜ್ಜಿನ ಕಡೆ ತೋರಿಸಿದರು. ಅವರು ಹೋಗುವ ಇನ್ನೊಂದು ಮನೆಯಲ್ಲಿ ಅಡುಗೆಮನೆಗೇ ಕ್ಯಾಮೆರಾ ಇದೆಯಂತೆ. ಅದಕ್ಕಿಂತ ಇದು ವಾಸಿ, ಮುಖ ನೋಡುವುದಿಲ್ಲ. "ನಮ್ಮ ಚೀಟಿ ವಿಷಯ ಏನಾದ್ರೂ ಮಾತಾಡೋದಿದ್ರೆ ನಾನು ಮಿಕ್ಸಿ ಹಾಕ್ಕೊಂಡು ಮಾತಾಡ್ತೀನಮ್ಮ" ಎಂದರು. ದಿನಾ ಹನ್ನೊಂದು ಗಂಟೆಯ ಹೊತ್ತಿಗೆ ಖಾಲಿ ಜಾರು ಯಾಕೆ ಗರಗರ ಅನ್ನುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಒಳ್ಳೆಯ ಉಪಾಯ, ನನಗೇ ಬಂದಿರಲಿಲ್ಲ. ಡಬ್ಬಿ ಕೊಂಡಾಗ ಯಜಮಾನರು 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿದ್ದರು. ಆ ಒಂದು ಒತ್ತಿನಲ್ಲಿ ಅತ್ತೆಯ ಒಪ್ಪಿಗೆ, ನನ್ನ ಒಪ್ಪಿಗೆ, ಈ ಅಕ್ಕನ ಒಪ್ಪಿಗೆ, ಗ್ಯಾಸ್ ತರುವ ಹುಡುಗನ ಒಪ್ಪಿಗೆ ಎಲ್ಲವೂ ಸೇರಿಹೋಗಿತ್ತು.

ಆ ಗುಂಡಿ ಒತ್ತಿದವರಿಗೆ ಇನ್ನೊಂದು ಅಧಿಕಾರವೂ ಬರುತ್ತದೆ. ಯಾರ್‍ಯಾರು ಯಾವಾಗ ಡಬ್ಬಿಯನ್ನು ಏನು ಕೇಳಿದರು ಎಂಬುದು ಅವರ ಫೋನಿನ ಆ್ಯಪಿನಲ್ಲಿ ತಾರೀಖು, ವೇಳೆ ಸಮೇತ ಕೂತಿರುತ್ತದೆ; ಒತ್ತಿದರೆ ದನಿಯೂ ಕೇಳುತ್ತದೆ. ನಮ್ಮವರು ಅದನ್ನು ರಾತ್ರಿ ಊಟಕ್ಕೆ ಕೂತಾಗ ಪಂಚಾಂಗ ಶ್ರವಣದ ಹಾಗೆ ಓದತೊಡಗಿದರು. ಅತ್ತೆ ಸಂಕಷ್ಟಿಯ ಚಂದ್ರೋದಯ ಕೇಳಿದ್ದು 'ಸಮ್ ಕ್ಯಾಶ್ ಟೀ' ಎಂದು ಬರೆದುಕೊಂಡಿತ್ತು. ಎಲ್ಲರೂ ನಕ್ಕೆವು. ಆಮೇಲೆ ಮಗ ನಡುರಾತ್ರಿ ಕೇಳಿದ್ದೊಂದು ಪ್ರಶ್ನೆ ಬಂತು, ಕೆಲಸ ಬಿಟ್ಟರೆ ನೋಟಿಸ್ ಪಿರಿಯಡ್ ಎಷ್ಟು ಎಂದು. ಯಾರೂ ನಗಲಿಲ್ಲ. ಅವನು ಮಜ್ಜಿಗೆ ಅನ್ನ ಕಲೆಸಿದ್ದನ್ನು ಹಾಗೇ ಬಿಟ್ಟು ಎದ್ದ. ಸಿಯಾಟಲ್‌ನವರಿಗೆ ಎಂದೋ ಗೊತ್ತಿದ್ದ ವಿಷಯ ಅಪ್ಪನಿಗೆ ಆ ಹೊತ್ತು ಗೊತ್ತಾಯಿತು. ಮಗನಿಗೆ ಚಿಂತೆಯಿದ್ದದ್ದು ಎರಡನೆಯದರ ಬಗ್ಗೆ ಮಾತ್ರ.

ಕಾನೂನು ಇಲ್ಲಿಗೆ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದದ್ದು ಎಂಬತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಮಿಕ್ಕವರು ಬ್ಯಾಂಕಿಗೆ ಹೋಗಲೂ ಮೊಮ್ಮಕ್ಕಳನ್ನು ಕಾಯುತ್ತಾರೆ. ತೀರ್ಪು ಬಂದ ಎರಡು ತಿಂಗಳಿಗೆಲ್ಲ, ಅಕ್ಟೋಬರ್‌ನಲ್ಲಿ, ಅಲೆಕ್ಸಾ ಇರುವ ಅಮೆಜಾನ್ ಎಕೋ ಡಬ್ಬಿ ಭಾರತಕ್ಕೆ ಬಂತು. ಹಕ್ಕೂ ಡಬ್ಬಿಯೂ ಒಂದೇ ವರ್ಷದವು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಯಿತು. ಕಂಪನಿ ಏನನ್ನು ಕೇಳಿ ಪಡೆಯಬೇಕು, ಯಾವಾಗ ಅಳಿಸಬೇಕು ಎಂಬುದೆಲ್ಲ ಅದರಲ್ಲಿದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಮೊದಲಲ್ಲೇ ಹೇಳಿ ಕೈ ತೊಳೆದುಕೊಂಡಿದ್ದಾರೆ. ಮಾಡದೆ ಏನು ಮಾಡಿಯಾರು? ಗಂಡ ಹೆಂಡತಿಯ, ಅಪ್ಪ ಮಗನ ಪ್ರಶ್ನೆಪಟ್ಟಿ ಓದಿದ್ದಕ್ಕೆ ಕಾಯ್ದೆಯ ಮಂಡಳಿಗೆ ದೂರು ಕೊಡುವ ಹಾಗಾದರೆ ಆ ಮಂಡಳಿಗೆ ಜಿಲ್ಲೆಗೊಂದು ಶಾಖೆ ಸಾಲದು. ಕಂಪನಿಗಳ ಕಡೆಯ ಗಾಳಿಯಂತೂ ಬೇರೆ ದಿಕ್ಕಿಗೇ ಬೀಸುತ್ತಿದೆ. ಅಮೆರಿಕದಲ್ಲಿ ಕೆಲವು ಎಕೋಗಳಿಗೆ, ದನಿಯನ್ನು ಹೊರಗೆ ಕಳಿಸದೆ ಅಲ್ಲೇ ಅರ್ಥಮಾಡಿಕೊಳ್ಳುವ ಆಯ್ಕೆ ಇತ್ತು. 2025ರ ಮಾರ್ಚ್ 28ರಿಂದ ಅಮೆಜಾನ್ ಅದನ್ನೂ ತೆಗೆದುಹಾಕಿತು.

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿ ನಿವೃತ್ತರಾದವರು; ಚಿಕ್ಕಪ್ಪ ಹೋದ ಮೇಲೆ ಒಬ್ಬರೇ. ಮಗ ನ್ಯೂಜೆರ್ಸಿಯಲ್ಲಿ. ಹೋದ ಸಲ ಬಂದಾಗ ಹಾಲಿನಲ್ಲೊಂದು, ಮಲಗುವ ಕೋಣೆಯಲ್ಲೊಂದು ಡಬ್ಬಿ ಇಟ್ಟು ಹೋದ, ತನ್ನ ಹೆಸರಿನಲ್ಲೇ ಖಾತೆ ತೆರೆದು. ಬಿದ್ದರೆ ಕೂಗಿದರೆ ಸಾಕು ಅಮ್ಮ, ಅಂತ. ಅದು ನಿಜ, ಒಂಟಿ ಇರುವ ಎಷ್ಟೋ ಹಿರಿಯರಿಗೆ ಇದರಿಂದ ಅನುಕೂಲವಾಗಿದೆ, ನಾನು ಬೇಡ ಅನ್ನುವವಳಲ್ಲ. ಆದರೆ ಅಲೆಕ್ಸಾದಂಥವುಗಳಲ್ಲಿ 'ಡ್ರಾಪ್ ಇನ್' ಎಂದು ಒಂದಿದೆ. ಮೊದಲೇ ಒಪ್ಪಿಗೆ ಕೊಟ್ಟಿಟ್ಟಿದ್ದರೆ ಆಚೆಯವರು ಕರೆ ಮಾಡಿ ನೀವು ಎತ್ತುವ ತನಕ ಕಾಯುವುದಿಲ್ಲ. ಟಿಣ್ ಎಂದು ಒಂದು ಸದ್ದು, ಹಸಿರು ದೀಪ, ಮರುಕ್ಷಣ ದನಿ ಕೋಣೆಯೊಳಗೇ ಇರುತ್ತದೆ. ನಮ್ಮ ಮಾವನವರು ಇದ್ದಷ್ಟು ದಿನ ಹೆಂಗಸರಿದ್ದ ಕಡೆಗೆ ಬರುವಾಗ ನಡುಮನೆಯಿಂದಲೇ ಕೆಮ್ಮುತ್ತಿದ್ದರು. ಆಮೇಲೆ ಸ್ವಲ್ಪ ನಿಲ್ಲುತ್ತಿದ್ದರು. ಆ ನಿಲ್ಲುವುದರಲ್ಲೇ ಸೆರಗು ಸರಿಮಾಡಿಕೊಂಡು ಮಾತು ಬದಲಾಯಿಸಲು ಬೇಕಾದಷ್ಟು ಅವಕಾಶ ಇರುತ್ತಿತ್ತು. ಡಬ್ಬಿ ಕೆಮ್ಮುವುದೇನೋ ಕೆಮ್ಮುತ್ತದೆ, ನಿಲ್ಲುವುದಿಲ್ಲ.

ಒಂದು ಗುರುವಾರ ಚಿಕ್ಕಮ್ಮ ದೇವರ ಮುಂದೆ ಕೂತು ಸೊಸೆಯ ವಿಷಯವನ್ನು ರಾಯರಿಗೆ ಸವಿಸ್ತಾರವಾಗಿ ನಿವೇದಿಸುತ್ತಿದ್ದರಂತೆ. ಹಾಲಿನಿಂದ ಟಿಣ್. "ಅಮ್ಮಾ, ಏನ್ ಮಾಡ್ತಿದೀಯಾ?"

"ಅರ್ಚನೆ ಕಣೋ" ಎಂದರಂತೆ. ಸುಳ್ಳೇನೂ ಅಲ್ಲವಲ್ಲ!

ನಾನು ಹೋದಾಗ ಅದನ್ನೆಲ್ಲ ಹೇಳಿ, ಡ್ರಾಪ್ ಇನ್ ಅನ್ನು ನಿಲ್ಲಿಸುವುದು ಹೇಗೆ, ಕೇಳಿದ ಪ್ರಶ್ನೆಗಳನ್ನು ಅಳಿಸುವುದು ಹೇಗೆ ಎಂದು ತೋರಿಸಲು ಹೊರಟೆ. ನಿಮ್ಮ ಪ್ರಶ್ನೆಯೆಲ್ಲ ಅವನ ಫೋನಿನಲ್ಲಿ ಕಾಣುತ್ತೆ, ಗೊತ್ತಾ ಚಿಕ್ಕಮ್ಮ ಎಂದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾಪಿ ಹೊಡೆದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಗೊತ್ತು ಕಣೇ. ಅದಕ್ಕೇ ಕೇಳೋದು."

ನಡೆದದ್ದು ಹೀಗೆ. ಒಂದು ಸಂಜೆ ಅವರು ಸುಮ್ಮನೆ, ಮಂಡಿಚಿಪ್ಪು ಬದಲಾಯಿಸುವ ಆಪರೇಷನ್ ತುಂಬಾ ನೋಯುತ್ತದೆಯೇ ಎಂದು ಚೆನ್ನಾದ ಇಂಗ್ಲಿಷಿನಲ್ಲಿ ಡಬ್ಬಿಯನ್ನು ಕೇಳಿದರು. ನ್ಯೂಜೆರ್ಸಿಯಲ್ಲಿ ಬೆಳಗಾಗಿತ್ತು. ಭಾನುವಾರಕ್ಕೊಮ್ಮೆ ಫೋನ್ ಮಾಡುವ ಮಗ ಮಂಗಳವಾರ ಮಾಡಿದ.

"ಅಮ್ಮಾ, ಮಂಡಿ ಹೇಗಿದೆ?"

"ಮಂಡಿಗೇನಾಗಿದೆ? ಯಾರು ಹೇಳಿದ್ರೋ ನಿನಗೆ?"

"ಇಲ್ಲ, ಸುಮ್ನೆ ಕೇಳ್ದೆ."

ಓದಿದೆ ಎಂದು ಅವನು ಹೇಳುವ ಹಾಗಿಲ್ಲ, ಓದಲೆಂದೇ ಕೇಳಿದೆ ಎಂದು ಇವರು ಹೇಳುವ ಹಾಗಿಲ್ಲ. ಅಲ್ಲಿಂದ ಶುರುವಾಯಿತು. ತಲೆಸುತ್ತಿಗೆ ಕಾರಣವೇನು ಎಂದು ಕೇಳಿದ ವಾರ ಅವನ ಹೆಂಡತಿಯೂ ಮಾತಾಡಿದಳು. ಒಂಟಿಯಾಗಿರುವ ಹೆಂಗಸರಿಗೆ ಮೈಸೂರಿನಲ್ಲಿ ಒಳ್ಳೆಯ ವೃದ್ಧಾಶ್ರಮ ಯಾವುದು ಎಂದು ಕೇಳಿದ ದಿನವಂತೂ ಫೋನಿನ ಮೇಲೆ ಫೋನು, ಮೊಮ್ಮಗಳು ವಿಡಿಯೋದಲ್ಲಿ ಬಂದು ಭರತನಾಟ್ಯದ ಅಲರಿಪು ಮಾಡಿ ತೋರಿಸಿದಳು. ಎದುರಿಗೆ ಕೇಳಿದರೆ ಹಂಗಿಸಿದ ಹಾಗಾಗುತ್ತದೆ, ಪತ್ರ ಬರೆದರೆ ಯಾರು ಓದುತ್ತಾರೆ ಎನ್ನುತ್ತಾರೆ ಚಿಕ್ಕಮ್ಮ. ಕಂಪನಿಯವರು ಕೇಳಿಸಿಕೊಳ್ಳುತ್ತಾರಲ್ಲ ಎಂದರೆ, "ಕೇಳಿಸ್ಕೊಳ್ಲಿ ಬಿಡು, ಪಾಪ, ಅವರಾದ್ರೂ" ಅಂತಾರೆ. ಸೊಸೆಯ ವಿಷಯ ರಾಯರ ಮುಂದೆ ಹೇಳುವುದನ್ನು ಮಾತ್ರ ಈಗ ಬೆಳಗಿನ ಜಾವಕ್ಕೆ ಬದಲಾಯಿಸಿಕೊಂಡಿದ್ದಾರೆ. ಅಲ್ಲಿ ಆಗ ಊಟದ ಹೊತ್ತು, ಅವನು ಟಿಣ್ ಎನ್ನಿಸುವುದಿಲ್ಲ.

ನಾನು ಹೊರಡುವ ಮುಂಚೆ ಅವರು ಡಬ್ಬಿಯ ಕಡೆ ತಿರುಗಿ, ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ಬೆಂಗಳೂರಿಗೆ ಮೂರು ಜನಕ್ಕೆ ವಿಮಾನದ ಟಿಕೆಟ್ಟಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ಅದು ಏನೋ ಒಂದು ಉತ್ತರ ಕೊಟ್ಟಿತು. ಚಿಕ್ಕಮ್ಮ ಅತ್ತ ಲಕ್ಷ್ಯ ಕೊಡದೆ ನನಗೆ ಕುಂಕುಮ ಕೊಡಲು ಒಳಗೆ ಹೋದರು.

"ಬುಕ್ ಮಾಡಿದ್ನಂತಾ?" ಎಂದೆ.

"ಇನ್ನೂ ಇಲ್ಲ. ನಾಳೆ ಇನ್ನೊಂದ್ಸಲ ರೇಟ್ ಕೇಳ್ತೀನಿ."